ಬಗೆಬಗೆಯ ಸಿಂಪಿಗಳ ರುಚಿ ಹಿಡಿಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಆಯ್ಸ್ಟರ್, ಅಂದರೆ ಸಿಂಪಿ, ಮಾರುವ ಕಡೆ ಫಲಕದ ಮೇಲೆ ಇಪ್ಪತ್ತು ಹೆಸರು ಕಂಡರೆ ಇಪ್ಪತ್ತು ಜಾತಿಗಳಿವೆ ಅಂದುಕೊಳ್ಳಬೇಡಿ. ಹಸಿಯಾಗಿ ತಿನ್ನುವ ಸಿಂಪಿಗಳಲ್ಲಿ ಹೆಸರಾದ ಪ್ರಭೇದಗಳು ಆರೇಳು ಮಾತ್ರ. ಉಳಿದವೆಲ್ಲ ಊರಿನ, ಕೊಲ್ಲಿಯ, ಅಳಿವೆಯ ಹೆಸರುಗಳು, ಇಲ್ಲವೇ ಬೆಳೆಗಾರರು ಇಟ್ಟ ವ್ಯಾಪಾರದ ಹೆಸರುಗಳು. ಕೆನಡಾದ ಮಾಲ್ಪೆಕ್, ಅಮೆರಿಕದ ವೆಲ್‌ಫ್ಲೀಟ್ ಮತ್ತು ಬ್ಲೂ ಪಾಯಿಂಟ್ ಮೂರೂ ಒಂದೇ ಪ್ರಭೇದ. ಬೆಳೆದ ನೀರು ಬೇರೆ, ಹಾಗಾಗಿ ರುಚಿಯೂ ಬೇರೆ.

ಈ ವ್ಯತ್ಯಾಸ ನಾಲಿಗೆಗೆ ಸಿಗಬೇಕಾದರೆ ಸಿಂಪಿಗಳನ್ನು ಪಕ್ಕಪಕ್ಕದಲ್ಲಿಟ್ಟು ತಿನ್ನಬೇಕು, ಮತ್ತು ಒಂದು ಸುತ್ತಿನಲ್ಲಿ ಒಂದೇ ಅಂಶ ಬದಲಾಗಬೇಕು. ಇವತ್ತು ಒಂದು ಬಗೆ, ಮುಂದಿನ ತಿಂಗಳು ಇನ್ನೊಂದು ಬಗೆ ಎಂದು ತಿಂದರೆ ಎಷ್ಟು ವರ್ಷ ಕಳೆದರೂ ನೆನಪಿನಲ್ಲಿ ಉಳಿಯುವುದು "ಉಪ್ಪುಪ್ಪಾಗಿತ್ತು, ಚೆನ್ನಾಗಿತ್ತು" ಅನ್ನುವಷ್ಟೇ.

ಪ್ರಭೇದಗಳ ಪರಿಚಯ

ಪೆಸಿಫಿಕ್ ಸಿಂಪಿ (ಕ್ರಾಸೋಸ್ಟ್ರಿಯ ಗಿಗಾಸ್, ಈಗ ಮಗಲ್ಲಾನ ಗಿಗಾಸ್ ಎಂದೂ ಬರೆಯುತ್ತಾರೆ) ಮೂಲತಃ ಜಪಾನ್ ಕಡೆಯದು. ಇವತ್ತು ಫ್ರಾನ್ಸಿನಿಂದ ಅಮೆರಿಕದ ಪಶ್ಚಿಮ ಕರಾವಳಿಯವರೆಗೆ ಅತಿ ಹೆಚ್ಚು ಬೆಳೆಯುವುದು ಇದನ್ನೇ. ಫ್ರಾನ್ಸಿನಲ್ಲಿ ಮೊದಲು ಪೋರ್ಚುಗೀಸ್ ಸಿಂಪಿ ಇತ್ತು. 1970ರ ಆಸುಪಾಸಿನಲ್ಲಿ ವೈರಸ್ ರೋಗ ಬಂದು ಅದು ನಾಶವಾಯಿತು, ಆ ಜಾಗಕ್ಕೆ ಪೆಸಿಫಿಕ್ ಬಂತು. ಇದರ ಚಿಪ್ಪು ನೆರಿಗೆ ನೆರಿಗೆಯಾಗಿ ಒರಟಾಗಿರುತ್ತದೆ, ಮಾಂಸದ ಅಂಚು ಸಾಮಾನ್ಯವಾಗಿ ಕಪ್ಪು. ರುಚಿಯಲ್ಲಿ ಸಿಹಿ ಮತ್ತು ಕೆನೆಯಂಥ ಮೃದುತನ ಮುಂದು, ಹಿಂದೆಯೇ ಸೌತೆಕಾಯಿ ಇಲ್ಲವೇ ಕರಬೂಜದ ವಾಸನೆ. ಈ ವಾಸನೆ ಬರಿಯ ಕಲ್ಪನೆಯಲ್ಲ. ಸೌತೆಕಾಯಿಗೆ ಅದರ ಪರಿಮಳ ಕೊಡುವ ಆಲ್ಡಿಹೈಡ್ ಸಂಯುಕ್ತವೇ ಈ ಸಿಂಪಿಯಲ್ಲೂ ಇದೆ.

ಕುಮಾಮೊಟೊ (ಕ್ರಾಸೋಸ್ಟ್ರಿಯ ಸಿಕಾಮಿಯ) ಪೆಸಿಫಿಕ್‌ನ ಹತ್ತಿರದ ನೆಂಟ, ಆದರೆ ಬೇರೆ ಪ್ರಭೇದ. ಚಿಕ್ಕದು, ಚಿಪ್ಪು ಆಳವಾದ ಬಟ್ಟಲಿನ ಹಾಗೆ, ಉಪ್ಪು ಕಡಿಮೆ, ಸಿಹಿ ಜಾಸ್ತಿ. ಹೊಸಬರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು.

ಅಟ್ಲಾಂಟಿಕ್ ಅಥವಾ ಈಸ್ಟರ್ನ್ ಸಿಂಪಿ (ಕ್ರಾಸೋಸ್ಟ್ರಿಯ ವರ್ಜಿನಿಕ) ಸೇಂಟ್ ಲಾರೆನ್ಸ್ ಕೊಲ್ಲಿಯಿಂದ ಮೆಕ್ಸಿಕೊ ಕೊಲ್ಲಿಯವರೆಗೂ ಸಿಗುತ್ತದೆ. ಚಿಪ್ಪು ಹೆಚ್ಚು ನಯ, ಒಳಗೆ ಸ್ನಾಯು ಅಂಟಿಕೊಂಡ ಜಾಗದಲ್ಲಿ ಕಡುನೇರಳೆ ಕಲೆ. ಸಿಹಿಗಿಂತ ಉಪ್ಪು ಮತ್ತು ಖನಿಜದ ರುಚಿ ಮುಂದು, ಮಾಂಸ ಗಟ್ಟಿ. ಉತ್ತರದ ತಣ್ಣೀರಿನವು ಚುರುಕಾದ ಉಪ್ಪು, ದಕ್ಷಿಣದ ಬೆಚ್ಚಗಿನ ಕೊಲ್ಲಿಗಳವು ಸಪ್ಪೆಯ ಕಡೆಗೆ, ದೊಡ್ಡವು.

ಯುರೋಪಿನ ಚಪ್ಪಟೆ ಸಿಂಪಿ (ಆಸ್ಟ್ರಿಯ ಎಡ್ಯುಲಿಸ್) ದುಂಡಗೆ, ತಟ್ಟೆಯಂತೆ ಇರುತ್ತದೆ. ಫ್ರಾನ್ಸಿನ ಬ್ರಿಟನಿಯ ಬೆಲೋನ್ ನದಿಯಿಂದ ಬಂದದ್ದಕ್ಕೆ ಬೆಲೋನ್ ಎಂದೇ ಹೆಸರು. ಲೋಹದ ರುಚಿ, ಒಗರು, ನಿಮಿಷಗಟ್ಟಲೆ ಬಾಯಲ್ಲಿ ನಿಲ್ಲುವ ಗುಣ ಇದರದು. ಮೊದಲ ಸಲ ತಿಂದವರು ಮುಖ ಕಿವಿಚಿದರೆ ಆಶ್ಚರ್ಯವಿಲ್ಲ, ಆದರೆ ಸಿಂಪಿ ಪ್ರಿಯರಲ್ಲಿ ಇದನ್ನು ಎಲ್ಲಕ್ಕಿಂತ ಮೇಲೆ ಇಡುವವರು ಬಹಳ. ಉತ್ತರ ಅಮೆರಿಕದ ಪಶ್ಚಿಮ ತೀರದ ಒಲಿಂಪಿಯ (ಆಸ್ಟ್ರಿಯ ಲೂರಿಡ) ಇದೇ ಕುಲದ್ದು. ಅಗಲ ಸುಮಾರು 5 ಸೆಂಟಿಮೀಟರು ಮೀರುವುದು ಅಪರೂಪ, ಆದರೂ ತಾಮ್ರದಂಥ ರುಚಿ ಬಲವಾಗಿರುತ್ತದೆ. ನ್ಯೂಜಿಲೆಂಡಿನ ಬ್ಲಫ್ ಸಿಂಪಿಯೂ ಇದೇ ಕುಲ. ಫೋವೊ ಜಲಸಂಧಿಯ ತಳದಿಂದ ಎತ್ತುತ್ತಾರೆ, ಹಂಗಾಮು ಮಾರ್ಚ್‌ನಿಂದ ಆಗಸ್ಟ್. ಆಸ್ಟ್ರೇಲಿಯಾದ ಸಿಡ್ನಿ ರಾಕ್ (ಸ್ಯಾಕೋಸ್ಟ್ರಿಯ ಗ್ಲೊಮೆರಾಟ) ಬೆಳೆಯಲು 3–4 ವರ್ಷ ತೆಗೆದುಕೊಳ್ಳುತ್ತದೆ. ಗಾತ್ರ ಸಣ್ಣದಾದರೂ ರುಚಿ ಗಾಢ.

ಮುತ್ತು ಕೊಡುವ ಸಿಂಪಿ ಬೇರೆಯೇ ಕುಟುಂಬದ್ದು. ಇಲ್ಲಿ ಹೇಳಿದ ಸಿಂಪಿಗಳೊಳಗೆ ಗಟ್ಟಿ ಕಾಳು ಸಿಕ್ಕರೂ ಅದಕ್ಕೆ ಮುತ್ತಿನ ಹೊಳಪು ಇರುವುದಿಲ್ಲ.

ರುಚಿ ಎಲ್ಲಿಂದ ಬರುತ್ತದೆ

ತೆರೆದ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಳಿವೆಯಲ್ಲಿ ಸಿಹಿನೀರು ಸೇರಿ ಇದು ಅರ್ಧಕ್ಕೂ ಇಳಿಯಬಹುದು. ಸಿಂಪಿಯ ಒಳನೀರು ಹೆಚ್ಚುಕಡಿಮೆ ಹೊರಗಿನ ನೀರಿನಷ್ಟೇ ಉಪ್ಪು. ಆದ್ದರಿಂದ ಜೋರು ಮಳೆಯಾದ ಮರುವಾರ ಅದೇ ಜಾಗದ ಸಿಂಪಿ ಸಪ್ಪೆಯಾಗುವುದು ಸಹಜ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಉಪ್ಪುನೀರು ತನ್ನ ಕೋಶಗಳ ನೀರನ್ನು ಹೀರಿಬಿಡದಂತೆ ಸಿಂಪಿ ಮೈಯಲ್ಲಿ ಗ್ಲುಟಮೇಟ್, ಗ್ಲೈಸಿನ್‌ನಂಥ ಅಮೈನೋ ಆಮ್ಲಗಳನ್ನು ಕೂಡಿಡುತ್ತದೆ. ಗ್ಲುಟಮೇಟ್ ಎಂದರೆ ಉಮಾಮಿ, ಅಂದರೆ ಅಣಬೆ ಸಾರಿನಂಥ ರುಚಿ, ಗ್ಲೈಸಿನ್ ಎಂದರೆ ಸಿಹಿ. ಉಪ್ಪಿನ ನೀರಿನ ಸಿಂಪಿಗೆ ಬರಿ ಉಪ್ಪಲ್ಲದೆ ಒಂದು ತುಂಬಿದ ರುಚಿ ಬರುವುದು ಇದರಿಂದಲೇ.

ಎರಡನೆಯದು ಹಂಗಾಮು. ಶರತ್ಕಾಲದಲ್ಲಿ ನೀರು ತಣ್ಣಗಾಗುತ್ತಾ ಬಂದಂತೆ ಸಿಂಪಿ ಚಳಿಗಾಲಕ್ಕೆಂದು ಗ್ಲೈಕೊಜೆನ್ ಎಂಬ ಪಿಷ್ಟದಂಥ ಆಹಾರ ಕೂಡಿಡುತ್ತದೆ. ಆಗ ಮಾಂಸ ಕೊಬ್ಬಿ, ಬೆಳ್ಳಗೆ ತುಂಬಿ, ಸಿಹಿಯಾಗಿರುತ್ತದೆ. ನೀರು ಬೆಚ್ಚಗಾದಾಗ ಆ ದಾಸ್ತಾನೆಲ್ಲ ಬೀಜಕ್ಕೆ, ಅಂದರೆ ಸಂತಾನೋತ್ಪತ್ತಿಗೆ, ಖರ್ಚು. ಬೇಸಿಗೆಯ ಸಿಂಪಿ ಹಾಲಿನಂತೆ ಮೆತ್ತಗಾಗುತ್ತದೆ, ಬೀಜ ಬಿಟ್ಟ ಮೇಲೆ ತೆಳ್ಳಗೆ, ನೀರುನೀರಾಗಿ, ಆಚೆಯ ಚಿಪ್ಪು ಕಾಣುವಂತಾಗುತ್ತದೆ. ಚಪ್ಪಟೆ ಸಿಂಪಿ ಮರಿಗಳನ್ನು ಕೆಲಕಾಲ ಚಿಪ್ಪಿನೊಳಗೇ ಇಟ್ಟುಕೊಳ್ಳುವುದರಿಂದ ಬೇಸಿಗೆಯಲ್ಲಿ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ಟ್ರಿಪ್ಲಾಯ್ಡ್ ಎನ್ನುವ, ಪ್ರತಿ ವರ್ಣತಂತುವೂ ಎರಡರ ಬದಲು ಮೂರು ಪ್ರತಿ ಇರುವ ಸಿಂಪಿ ಬಹುಮಟ್ಟಿಗೆ ಬಂಜೆ. ಅದಕ್ಕೇ ವರ್ಷಪೂರ್ತಿ ತುಂಬಿಕೊಂಡಿರುತ್ತದೆ. ಬೇಸಿಗೆಯಲ್ಲಿ ಕೊಳ್ಳುವಾಗ ಇದನ್ನು ಕೇಳಿ.

ಮೂರನೆಯದು ಬೆಳೆಸುವ ಕ್ರಮ. ಇಳಿತದ ಹೊತ್ತಿನಲ್ಲಿ ನೀರಿನಿಂದ ಹೊರಗುಳಿಯುವ ಸಿಂಪಿ ಬಾಯಿ ಬಿಗಿಹಿಡಿದು ಅಭ್ಯಾಸವಾಗಿ ಸ್ನಾಯು ಗಟ್ಟಿಯಾಗುತ್ತದೆ, ಸಾಗಣೆಗೂ ಬಾಳಿಕೆ ಬರುತ್ತದೆ. ಚೀಲಗಳಲ್ಲಿ ಉರುಳಾಡಿ ಅಂಚು ಮುರಿದು ಬೆಳೆದದ್ದು ಉದ್ದವಾಗುವ ಬದಲು ಆಳವಾಗುತ್ತದೆ. ಫ್ರಾನ್ಸಿನ ಮಾರೆನ್-ಓಲೆರೋನ್‌ನಲ್ಲಿ ಕೊನೆಯ ಹಂತದಲ್ಲಿ ಕ್ಲೇರ್ ಎಂಬ ಆಳವಿಲ್ಲದ ಜೇಡಿಮಣ್ಣಿನ ಕೊಳಗಳಲ್ಲಿ ಇಡುತ್ತಾರೆ. ಅಲ್ಲಿನ ಹಾಸ್ಲಿಯ ಆಸ್ಟ್ರಿಯಾರಿಯ ಎಂಬ ಡಯಾಟಮ್‌ನ (ಸೂಕ್ಷ್ಮ ಪಾಚಿಯ) ನೀಲಿ ಬಣ್ಣ ಸೇರಿ ಕಿವಿರು ಹಸಿರಾಗುತ್ತದೆ. ಆ ಹಸಿರನ್ನು ಕಂಡು ಕೆಟ್ಟಿದೆ ಎಂದು ಎಸೆಯಬೇಡಿ.

ಹಸಿ ತಿನ್ನುವ ಮುನ್ನ

ಯಕೃತ್ತಿನ ಕಾಯಿಲೆ, ಮಧುಮೇಹ, ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಅಥವಾ ಔಷಧ ಇರುವವರು, ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಹಸಿ ಸಿಂಪಿ ತಿನ್ನಬಾರದು. ಬೆಚ್ಚಗಿನ ನೀರಿನ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಇಂಥವರಲ್ಲಿ ರಕ್ತಕ್ಕೆ ಸೇರಿ ಪ್ರಾಣ ತೆಗೆಯಬಲ್ಲದು. ನಿಂಬೆರಸ, ಖಾರದ ಸಾಸ್, ಮದ್ಯ ಯಾವುದೂ ಅದನ್ನು ಕೊಲ್ಲುವುದಿಲ್ಲ. ನೋಟಕ್ಕಾಗಲಿ ಮೂಗಿಗಾಗಲಿ ಅದು ಸಿಗುವುದೂ ಇಲ್ಲ.

ಇಂಗ್ಲಿಷ್ ಹೆಸರಿನಲ್ಲಿ 'ಆರ್' ಅಕ್ಷರ ಇರುವ ತಿಂಗಳುಗಳಲ್ಲಿ, ಅಂದರೆ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ ತಿನ್ನಬೇಕು ಎಂಬ ಹಳೆಯ ಮಾತು ಉತ್ತರ ಗೋಳಾರ್ಧದಲ್ಲಿ ರುಚಿಯ ಮಟ್ಟಿಗೆ ಬಹುತೇಕ ಸರಿ, ಆರೋಗ್ಯದ ಮಟ್ಟಿಗೆ ಅರ್ಧ ಸರಿ. ವಿಬ್ರಿಯೊ ಬೇಸಿಗೆಯ ತೊಂದರೆ. ಕೊಳಚೆಯಿಂದ ಬರುವ ನೊರೊವೈರಸ್‌ಗೆ ಚಳಿಗಾಲವೇ ಹಿತ. ಹಾಗಾಗಿ ತಿಂಗಳು ನೋಡುವುದಕ್ಕಿಂತ ಪರವಾನಗಿ ಇರುವ ಜಾಗದಿಂದ, ಚೀಟಿ ಸಮೇತ ಕೊಳ್ಳುವುದು ಮುಖ್ಯ. ಯುರೋಪಿನಲ್ಲಿ ಬೆಳೆಯುವ ನೀರನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. 'ಎ' ನೀರಿನ ಸಿಂಪಿ ನೇರವಾಗಿ ಮಾರಾಟಕ್ಕೆ ಹೋಗಬಹುದು, 'ಬಿ' ನೀರಿನದನ್ನು ಮೊದಲು ಶುದ್ಧೀಕರಿಸಬೇಕು.

ಬೇಯಿಸಿ ತಿನ್ನುವವರು ಚಿಪ್ಪು ಬಾಯಿ ಬಿಟ್ಟ ಮೇಲೂ 3ರಿಂದ 5 ನಿಮಿಷ ಕುದಿಸಲಿ. ಆವಿಯಲ್ಲಾದರೆ 4ರಿಂದ 9 ನಿಮಿಷ. ಬೇಯುವಾಗಲೂ ಬಾಯಿ ಬಿಡದ್ದನ್ನು ಬಿಸಾಡಿ. ಹಸಿ ತಿಂದ ಮೇಲೆ ಜ್ವರ, ಚಳಿ, ಮೈಮೇಲೆ ಬೊಕ್ಕೆ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ, ಸಿಂಪಿ ತಿಂದದ್ದನ್ನು ಮೊದಲೇ ಹೇಳಿ.

ಕೊಳ್ಳುವುದು, ಇಡುವುದು

ಒಂದು ಕೂಟಕ್ಕೆ 4 ಬಗೆ ಸಾಕು. ಆರು ದಾಟಿದರೆ ನಾಲಿಗೆ ದಣಿಯುತ್ತದೆ. ಒಬ್ಬರಿಗೆ ಒಂದೊಂದು ಬಗೆಯಲ್ಲಿ 3 ಸಿಂಪಿ, ಒಟ್ಟು 12. ಇದರ ಮೇಲೆ ಪ್ರತಿ ಬಗೆಯಲ್ಲೂ ಎರಡು ಹೆಚ್ಚಿಗೆ ಕೊಳ್ಳಿ, ಸತ್ತದ್ದು, ತೆರೆಯುವಾಗ ಹಾಳಾದದ್ದು ಇದ್ದೇ ಇರುತ್ತದೆ.

ಚೀಟಿಯಲ್ಲಿ ನೋಡಬೇಕಾದದ್ದು ನೀರಿನಿಂದ ತೆಗೆದ ದಿನಾಂಕ, ಜಾಗ, ಪ್ರಭೇದ. ಚೀಟಿ ತೋರಿಸದವರ ಹತ್ತಿರ ಹಸಿ ತಿನ್ನಲು ಕೊಳ್ಳಬೇಡಿ. ಸಿಂಪಿ ಕೈಗೆ ಭಾರ ಅನಿಸಬೇಕು, ಬಾಯಿ ಮುಚ್ಚಿರಬೇಕು. ಬಿಟ್ಟಿದ್ದರೆ ತಟ್ಟಿ ನೋಡಿ, ಮುಚ್ಚಿಕೊಂಡರೆ ಜೀವವಿದೆ. ಎರಡನ್ನು ಒಂದಕ್ಕೊಂದು ತಟ್ಟಿದಾಗ ಕಲ್ಲಿನಂಥ ಗಟ್ಟಿ ಸದ್ದು ಬರಬೇಕು, ಟೊಳ್ಳು ಸದ್ದು ಬಂದರೆ ಒಳನೀರು ಸೋರಿಹೋಗಿದೆ. ಗಾತ್ರದಲ್ಲಿ ಎಲ್ಲ ಬಗೆಯೂ ಆದಷ್ಟು ಸಮ ಇರಲಿ. ಫ್ರಾನ್ಸಿನ ಸಂಖ್ಯೆಗಳಲ್ಲಿ ಅಂಕಿ ಇಳಿದಷ್ಟೂ ಸಿಂಪಿ ದೊಡ್ಡದು. 3ನೇ ಸಂಖ್ಯೆಯ ಆಳ ಚಿಪ್ಪಿನ ಸಿಂಪಿ 66–85 ಗ್ರಾಂ ತೂಗುತ್ತದೆ, ರುಚಿ ನೋಡಲು ಅದೇ ಸರಿಯಾದ ಗಾತ್ರ.

ತಂದ ಮೇಲೆ ಉಬ್ಬಿದ ಚಿಪ್ಪು ಕೆಳಗೆ ಬರುವಂತೆ ಅಗಲ ಪಾತ್ರೆಯಲ್ಲಿ ಜೋಡಿಸಿ, ಒದ್ದೆ ಬಟ್ಟೆ ಹೊದಿಸಿ, ಫ್ರಿಜ್‌ನಲ್ಲಿ 1–4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಉಸಿರುಕಟ್ಟಿ ಸಾಯುತ್ತವೆ, ನಲ್ಲಿ ನೀರಿನಲ್ಲಿ ಮುಳುಗಿಸಿದರೂ ಸಾಯುತ್ತವೆ. ಕರಗುವ ಐಸ್ ಮೇಲೆ ರಾತ್ರಿಯಿಡೀ ಇಡುವುದೂ ಅದೇ ತಪ್ಪು. ತೆಗೆದ ದಿನದಿಂದ ಐದಾರು ದಿನದೊಳಗೆ ಹಸಿ ತಿಂದರೆ ಒಳ್ಳೆಯದು. ಚಪ್ಪಟೆ ಸಿಂಪಿಯ ಚಿಪ್ಪು ಅಷ್ಟು ಬಿಗಿಯಾಗಿ ಮುಚ್ಚುವುದಿಲ್ಲ, ಹಾಗಾಗಿ ಮೇಲೊಂದು ಭಾರ ಹೇರಿ, ಎರಡು ಮೂರು ದಿನದಲ್ಲಿ ಮುಗಿಸಿ.

ತೆರೆಯುವುದು

ರುಚಿ ನೋಡುವ ಕೂಟ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಒಡೆದ ಹೊಟ್ಟೆಯ ಸಿಂಪಿ ಕಹಿ ಕೊಡುತ್ತದೆ, ಚೆಲ್ಲಿದ ಒಳನೀರು ಉಪ್ಪಿನ ಅಂದಾಜು ತಪ್ಪಿಸುತ್ತದೆ, ಚಿಪ್ಪಿನ ಚೂರು ಗಮನ ಕೆಡಿಸುತ್ತದೆ.

ಬೇಕಾದದ್ದು ಸಿಂಪಿ ತೆರೆಯಲೆಂದೇ ಮಾಡಿದ ಚಾಕು. ಅಲಗು ಮೊಂಡು, ದಪ್ಪ, 6ರಿಂದ 8 ಸೆಂಟಿಮೀಟರು ಉದ್ದ. ತುದಿ ತುಸು ಮೇಲಕ್ಕೆ ಬಾಗಿದ ನ್ಯೂ ಹೇವನ್ ಮಾದರಿ ಹೊಸಬರಿಗೆ ಸುಲಭ. ಅಡುಗೆಮನೆಯ ಹರಿತ ಚಾಕು ಬೇಡವೇ ಬೇಡ, ಜಾರಿದರೆ ಅಂಗೈ ಸೀಳುತ್ತದೆ. ಹಿಡಿಯುವ ಕೈಗೆ ದಪ್ಪ ಗವಸು, ಕೆಳಗೆ ನಾಲ್ಕು ಮಡಿಕೆಯ ಟವೆಲ್.

1. ಹರಿಯುವ ತಣ್ಣೀರಿನಡಿ ಗಟ್ಟಿ ಬ್ರಷ್‌ನಿಂದ ಉಜ್ಜಿ, ಮುಖ್ಯವಾಗಿ ಕೀಲಿನ ಸಂದು. ಅಲ್ಲಿ ಉಳಿದ ಕೆಸರು ಚಾಕುವಿನ ಜೊತೆ ಒಳಗೆ ಹೋಗುತ್ತದೆ.

2. ಉಬ್ಬಿದ ಚಿಪ್ಪು ಕೆಳಗೆ, ಚಪ್ಪಟೆ ಚಿಪ್ಪು ಮೇಲೆ, ಚೂಪಾದ ಕೀಲಿನ ತುದಿ ನಿಮ್ಮ ಕಡೆಗೆ ಬರುವಂತೆ ಟವೆಲ್ ಮಡಿಕೆಯಲ್ಲಿ ಒತ್ತಿ ಹಿಡಿಯಿರಿ.

3. ಕೀಲಿನ ಸಂದಿಗೆ ಚಾಕುವಿನ ತುದಿ ಇಟ್ಟು, ಮೆಲ್ಲಗೆ ಒತ್ತುತ್ತಾ ಎಡಕ್ಕೂ ಬಲಕ್ಕೂ ಅಲುಗಿಸಿ. ಅರ್ಧ ಸೆಂಟಿಮೀಟರು ಒಳಹೋಗಿ ಚಾಕು ತಾನೇ ನಿಂತಿತೆಂದರೆ ಕಚ್ಚಿಕೊಂಡಿದೆ. ಆಮೇಲೆ ಬೀಗದ ಕೈ ತಿರುಗಿಸಿದ ಹಾಗೆ ಮಣಿಕಟ್ಟು ತಿರುಗಿಸಿ. 'ಟಪ್' ಎಂದು ಕೀಲು ಬಿಡುತ್ತದೆ. ಬಲ ಹಾಕಿ ನೂಕುವ ಅಗತ್ಯ ಬಿದ್ದರೆ ಜಾಗ ತಪ್ಪಿದೆ ಎಂದರ್ಥ, ತೆಗೆದು ಮತ್ತೆ ಹುಡುಕಿ.

4. ಅಲಗನ್ನು ಒರೆಸಿ. ಈ ಹಂತವನ್ನು ಎಲ್ಲರೂ ಮರೆಯುತ್ತಾರೆ.

5. ಅಲಗನ್ನು ಮೇಲಿನ ಚಿಪ್ಪಿನ ಒಳಮೈಗೆ ತಾಗಿಸಿಕೊಂಡೇ ಸರಿಸಿ. ಕೀಲಿನಿಂದ ಮೂರನೇ ಎರಡು ಪಾಲು ದೂರದಲ್ಲಿ, ಬಲಗಡೆಗೆ, ಚಿಪ್ಪನ್ನು ಮುಚ್ಚಿಹಿಡಿಯುವ ಸ್ನಾಯು ಇರುತ್ತದೆ. ಅದು ಕತ್ತರಿಸಿದ ಕೂಡಲೇ ಮೇಲಿನ ಚಿಪ್ಪು ಸಡಿಲವಾಗುತ್ತದೆ. ಅಲಗು ಕೆಳಕ್ಕೆ ವಾಲಿದರೆ ಹೊಟ್ಟೆ ಹರಿಯುತ್ತದೆ.

6. ಮೊದಲು ಮೂಸಿ. ಸಮುದ್ರದ ತಂಪು ವಾಸನೆ ಬಿಟ್ಟು ಗಂಧಕ, ಕೊಳೆತ ವಾಸನೆ ಬಂದರೆ ಎರಡನೇ ಯೋಚನೆ ಬೇಡ, ಬಿಸಾಡಿ. ಒಳಗೆ ಒಣಗಿದ್ದರೂ ಹಾಗೆಯೇ. ಚೆನ್ನಾಗಿದ್ದರೆ ಕೆಳಗಿನ ಸ್ನಾಯುವನ್ನೂ ಬಿಡಿಸಿ, ಚೂರುಗಳನ್ನು ಚಾಕುವಿನ ತುದಿಯಿಂದ ಎತ್ತಿ. ನೀರಿನಲ್ಲಿ ತೊಳೆಯಬೇಡಿ.

ತೆರೆದದ್ದನ್ನು ಪುಡಿ ಐಸ್ ಮೇಲೆ ಮಟ್ಟಸವಾಗಿ ಕೂರಿಸಿ, ಕರಗಿದ ನೀರು ಚಿಪ್ಪಿನೊಳಗೆ ನುಗ್ಗಬಾರದು. ಕಲ್ಲುಪ್ಪಿನ ಹಾಸು ನೋಡಲು ಚೆಂದ, ಆದರೆ ಒಂದು ಹರಳು ಒಳಗೆ ಬಿದ್ದರೆ ಉಪ್ಪಿನ ಹೋಲಿಕೆಯೇ ಮುಗಿಯಿತು. ಕೀಲು ಪುಡಿಪುಡಿಯಾದರೆ ಅಂಚಿನ ಬಲಬದಿಯಿಂದ, ಸ್ನಾಯು ಇರುವ ಎತ್ತರದಲ್ಲಿ ಚಾಕು ತೂರಿಸಿ. ಒಳಗೆ ಕಾಳಿನಷ್ಟು ನಸುಗೆಂಪು ಏಡಿ ಕಂಡರೆ ಹೆದರಬೇಡಿ, ಅದು ಅಲ್ಲೇ ಬದುಕುವ ಜೀವಿ. ಚಿಪ್ಪಿನ ಒಳಗೋಡೆಯಲ್ಲಿ ಕೆಸರು ತುಂಬಿದ ಗುಳ್ಳೆ ಕಂಡರೆ ಚಾಕು ತಾಗಿಸಬೇಡಿ, ಒಡೆದರೆ ಇಡೀ ಸಿಂಪಿಗೆ ಕೆಸರಿನ ವಾಸನೆ.

ಕೈಗೆ ಚಿಪ್ಪು ತಾಗಿ ಗಾಯವಾದರೆ ಸೋಪಿನಿಂದ ಚೆನ್ನಾಗಿ ತೊಳೆಯಿರಿ. ವಿಬ್ರಿಯೊ ಗಾಯದ ಮೂಲಕವೂ ಮೈಸೇರುತ್ತದೆ.

ಸುತ್ತುಗಳನ್ನು ಜೋಡಿಸುವುದು

ಮೊದಲ ಕೂಟಕ್ಕೆ ಪ್ರಭೇದ ಬದಲಿಸಿ: ಕುಮಾಮೊಟೊ, ಪೆಸಿಫಿಕ್, ಅಟ್ಲಾಂಟಿಕ್, ಕೊನೆಗೆ ಚಪ್ಪಟೆ ಅಥವಾ ಒಲಿಂಪಿಯ. ಈ ಅನುಕ್ರಮ ಬೇಕೆಂದೇ ಹೀಗಿದೆ. ಲೋಹದ ರುಚಿಯದನ್ನು ಮೊದಲು ತಿಂದರೆ ಮುಂದಿನ ಮೂರೂ ಸಪ್ಪೆಯಾಗುತ್ತವೆ. ಎರಡನೇ ಕೂಟದಲ್ಲಿ ಪ್ರಭೇದ ಒಂದೇ ಇಟ್ಟು ನೀರು ಬದಲಿಸಿ: ಅಟ್ಲಾಂಟಿಕ್‌ನದೇ ನಾಲ್ಕು ಜಾಗ, ಉಪ್ಪು ಕಡಿಮೆ ಇರುವಲ್ಲಿಂದ ಹೆಚ್ಚಿಗೆ ಇರುವ ಕಡೆಗೆ. ಮೂರನೆಯದಕ್ಕೆ ಒಂದೇ ಜಾಗದ, ಬೇರೆ ಬೇರೆ ಕ್ರಮದಲ್ಲಿ ಬೆಳೆದವು ಸಿಕ್ಕರೆ ಅದೃಷ್ಟ. ತಳದಲ್ಲಿ ಬೆಳೆದದ್ದು ಮತ್ತು ಚೀಲದಲ್ಲಿ ಉರುಳಿ ಬೆಳೆದದ್ದು, ಅಥವಾ ಕ್ಲೇರ್‌ಗೆ ಹೋಗಿ ಬಂದದ್ದು ಮತ್ತು ಹೋಗದ್ದು. ಈ ಮೂರನೇ ಬಗೆಯ ಹೋಲಿಕೆಯಲ್ಲಿ ಕಲಿಯುವಷ್ಟು ಬೇರೆಲ್ಲೂ ಕಲಿಯಲಾಗದು, ಆದರೂ ಬಹಳ ಜನ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಬಾಯಿಗೆ ಇಡುವ ಕ್ರಮ

ಐಸ್ ಮೇಲಿಂದ ತೆಗೆದು ಒಂದೆರಡು ನಿಮಿಷ ಬಿಡಿ. ಕೊರೆಯುವಷ್ಟು ತಣ್ಣಗಿದ್ದರೆ ಉಪ್ಪು ಬಿಟ್ಟು ಬೇರೇನೂ ತಿಳಿಯದು.

ನೋಡಿ: ಮಾಂಸ ಚಿಪ್ಪನ್ನು ಎಷ್ಟು ತುಂಬಿದೆ, ಬಣ್ಣ ಕೆನೆಯೋ ಬೂದಿಯೋ, ಅಂಚು ಕಪ್ಪೋ ಕಂದೋ. ಅಂಚನ್ನು ಚಾಕುವಿನ ತುದಿಯಿಂದ ಮುಟ್ಟಿದರೆ ಜೀವಂತ ಸಿಂಪಿಯಾದರೆ ಸಣ್ಣಗೆ ಮುದುಡಿಕೊಳ್ಳುವುದು ಕಾಣುತ್ತದೆ.

ಮೂಸಿ, ಆಮೇಲೆ ಒಳನೀರಿನ ಒಂದು ಗುಟುಕು ಮಾತ್ರ ಕುಡಿಯಿರಿ. ಉಪ್ಪನ್ನು 1ರಿಂದ 5ರ ಅಳತೆಯಲ್ಲಿ ಆಗಲೇ ಬರೆದುಕೊಳ್ಳಿ. ಮಾಂಸ ಬಾಯಿಗೆ ಬಂದ ಮೇಲೆ ಸಿಹಿ ಸೇರಿ ಅಂದಾಜು ತಪ್ಪುತ್ತದೆ.

ಈಗ ಸಿಂಪಿ. ನುಂಗಬೇಡಿ, ಅಗಿಯಿರಿ. ಸಿಹಿ ಇರುವುದು ಮಾಂಸದೊಳಗೆ. ಅಗಿಯದೆ ನುಂಗಿದವರಿಗೆ ಸಿಗುವುದು ಸಮುದ್ರದ ನೀರು ಮಾತ್ರ. ಮೊದಲ ಎರಡು ಕಡಿತಕ್ಕೆ ಗಟ್ಟಿತನ ತಿಳಿಯುತ್ತದೆ: ಸ್ನಾಯು ಕರುಂ ಎನ್ನುತ್ತದೆಯೇ, ಹೊಟ್ಟೆಯ ಭಾಗ ಕೆನೆಯೇ, ನೀರೇ? ಐದಾರು ಸಲ ಅಗಿದು, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಸೌತೆಕಾಯಿ, ಕರಬೂಜ, ಬೆಣ್ಣೆ, ಕಡಲಪಾಚಿ, ಅಣಬೆ, ಈ ವಾಸನೆಗಳೆಲ್ಲ ಬರುವುದು ಆ ಉಸಿರಿನಲ್ಲಿ. ನುಂಗಿದ ಮೇಲೆ ಮನಸ್ಸಿನಲ್ಲೇ ಎಣಿಸಿ. ರುಚಿ ಹತ್ತು ಸೆಕೆಂಡಿನಲ್ಲಿ ಆರಿತೇ, ಅರ್ಧ ನಿಮಿಷ ನಿಂತಿತೇ? ಒಗರು, ತಾಮ್ರ, ಸತುವಿನಂಥ ರುಚಿ ಈ ಕೊನೆಯ ಹೊತ್ತಿನಲ್ಲಿ ಏಳುತ್ತದೆ.

ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸಾದಾ ನೀರು, ಉಪ್ಪಿಲ್ಲದ ಬ್ರೆಡ್ಡಿನ ತುಣುಕು. ನಾಲ್ಕೂ ಮುಗಿದ ಮೇಲೆ ಎರಡನೇ ಸುತ್ತನ್ನು ಹಿಂದುಮುಂದಾಗಿ ಮಾಡಿ. ಮೊದಲು ತುಂಬ ಉಪ್ಪು ಅನಿಸಿದ್ದು ಈಗ ಹಾಗೆ ಅನಿಸದಿದ್ದರೆ ಅದು ಸಿಂಪಿಯ ಗುಣವಲ್ಲ, ಸಾಲಿನ ಪ್ರಭಾವ. ಎರಡೂ ಸಲ ಒಂದೇ ಅಂಕಿ ಬಂದದ್ದನ್ನು ನಂಬಿ.

ಮೂರನೇ ಸಿಂಪಿಗೆ ನಿಂಬೆ ಅಥವಾ ಮಿನ್ಯೊನೆಟ್ ಎಂಬ ಹುಳಿ ಸಾಸ್. ಮಿನ್ಯೊನೆಟ್‌ಗೆ ಸಣ್ಣ ಈರುಳ್ಳಿ ನುಣ್ಣಗೆ ಹೆಚ್ಚಿದ್ದು 2 ದೊಡ್ಡ ಚಮಚ, ವೈನ್ ವಿನೆಗರ್ ಕಾಲು ಕಪ್, ಕುಟ್ಟಿದ ಕರಿಮೆಣಸು ಅರ್ಧ ಸಣ್ಣ ಚಮಚ ಸೇರಿಸಿ ಅರ್ಧ ಗಂಟೆ ಬಿಡಿ. ಒಂದು ಸಿಂಪಿಗೆ ನಾಲ್ಕೈದು ಹನಿ ಸಾಕು. ಹುಳಿ ಪೆಸಿಫಿಕ್‌ಗೆ ಹೊಂದುತ್ತದೆ. ಚಪ್ಪಟೆ ಸಿಂಪಿಗೆ ಏನೂ ಬೇಡ. ಮದ್ಯ ಕುಡಿಯುವವರಿಗೆ ಮಸ್ಕಡೆ, ಶಾಬ್ಲಿಯಂಥ ಹುಳಿ ಮುಂದಿರುವ ಒಣ ಬಿಳಿ ವೈನ್ ಸರಿ. ಶಾಬ್ಲಿ ದ್ರಾಕ್ಷಿ ಬೆಳೆಯುವ ಮಣ್ಣಿನಲ್ಲೇ ಪುಟ್ಟ ಸಿಂಪಿಗಳ ಪಳೆಯುಳಿಕೆ ತುಂಬಿದೆ. ಓಕ್ ಪೀಪಾಯಿಯ ವಾಸನೆ ಗಾಢವಾಗಿರುವ ವೈನ್ ಮತ್ತು ಒಗರಿನ ಕೆಂಪು ವೈನ್ ಸಿಂಪಿಯ ಲೋಹದ ರುಚಿಯನ್ನು ಕಹಿಯಾಗಿಸುತ್ತವೆ.

ಟಿಪ್ಪಣಿ

ಪ್ರತಿ ಬಗೆಗೂ ಹೆಸರು, ಪ್ರಭೇದ, ಜಾಗ, ತೆಗೆದ ದಿನ, ತಿಂದ ದಿನ ಬರೆಯಿರಿ. ಅದರ ಕೆಳಗೆ ಉಪ್ಪು, ಸಿಹಿ, ಗಟ್ಟಿತನ, ಲೋಹದ ರುಚಿ, ನಿಲ್ಲುವ ಹೊತ್ತು, ಐದಕ್ಕೂ ಅಂಕಿ. ವಾಸನೆಗೆ ಒಂದೆರಡು ಪದ. ತೆಗೆದ ದಿನ ಬರೆಯದಿದ್ದರೆ ಹಂಗಾಮಿನ ವ್ಯತ್ಯಾಸವನ್ನು ಜಾಗದ ವ್ಯತ್ಯಾಸ ಎಂದು ತಪ್ಪು ತಿಳಿಯುವಿರಿ. ಇಷ್ಟವಾದ ಒಂದು ಜಾಗವನ್ನು ಆರಿಸಿಕೊಂಡು ಅಕ್ಟೋಬರ್, ಜನವರಿ, ಏಪ್ರಿಲ್‌ನಲ್ಲಿ ಅದನ್ನೇ ಮತ್ತೆ ತಿನ್ನಿ. ಉತ್ತರದ ತಣ್ಣೀರಿನದಾದರೆ ಸಿಹಿಯ ಅಂಕಿ ಶರತ್ಕಾಲದ ಕೊನೆಗೆ ಏರಿ, ವಸಂತದ ಹೊತ್ತಿಗೆ ಇಳಿಯುವುದು ನಿಮ್ಮದೇ ಪುಟದಲ್ಲಿ ಕಾಣುತ್ತದೆ. ಖಾಲಿ ಚಿಪ್ಪೊಂದನ್ನು ತೊಳೆದು ಒಣಗಿಸಿ, ಒಳಗೆ ಪೆನ್ಸಿಲಿನಲ್ಲಿ ಜಾಗ, ದಿನ ಬರೆದಿಟ್ಟರೆ ಮುಂದಿನ ಸಲ ಅದೇ ಹೆಸರಿನಲ್ಲಿ ಬೇರೆಯದನ್ನು ಮಾರಿದ್ದಾರೆಯೇ ಎಂದು ಚಿಪ್ಪಿನ ಆಕಾರ, ಸ್ನಾಯುವಿನ ಕಲೆ ಹೋಲಿಸಿ ನೋಡಬಹುದು.